ಎರಡು ಓಣಿ ದಾಟಲು ಹನ್ನೊಂದು ತಿಂಗಳು

ಬೆಟಗೇರಿ
ಕ್ರಿಸ್ತಶಕ 2171, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನನ್ನ ಅಜ್ಜಿಯ ಅಜ್ಜಿಗೆ ತಾಯಿಯಾದ ಸುಗುಣವ್ವನವರಿಗೆ ಶಾಲೋಮಿ ಮಾಡುವ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ಇಪ್ಪತ್ತೆಂಟೇ ದಿನ. ಕೊನೆಯ ತಿಂಗಳಿಗೆ ‘ಉಳಿಕೆ’ ಎಂದು ಹೆಸರಿಟ್ಟಿದ್ದಾರೆ. ಕ್ರಿಸ್ಮಸ್ ಈಗ ಉಳಿಕೆಯ ಇಪ್ಪತ್ತಮೂರಕ್ಕೆ ಬರುತ್ತದೆ. ಹಳಬರು ಈಗಲೂ ಗೊಣಗುತ್ತಾರೆ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ನೂರೈವತ್ತು ವರ್ಷದಲ್ಲಿ ನಿಮ್ಮ ಕನ್ನಡ ಎಷ್ಟೋ ಬಾಯಿ ದಾಟಿ ನನ್ನವರೆಗೆ ಬಂದಿದೆ.

ಪತ್ರಕ್ಕೆ ಕಾರಣ ಹೇಳಿಬಿಡುತ್ತೇನೆ. ಸಭೆಯ ‘ಪ್ರಾರ್ಥನಾ ವಿನಂತಿ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಒಂದು ಮಂಗಳವಾರ ಮಧ್ಯಾಹ್ನ ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ. ನನ್ನ ಬಾಲ್ಯದ ಗೆಳತಿ ಯೆಮೀಮಳ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಒಂಬತ್ತು ದಿನವಾಯಿತು, ಹೋಗಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಸಭೆಯ ಹಿರಿಯಳು ಎನ್ನಿಸಿಕೊಂಡವಳು, ಯೆಮೀಮ ಎದುರಿಗೆ ಸಿಕ್ಕಾಳೆಂದು ಬೇರೆ ಬೀದಿ ಹಿಡಿದು ತರಕಾರಿ ತರುತ್ತಿದ್ದೇನೆ. ಈ ಪತ್ರ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೋಗುವುದು ನಿಜವಾದರೆ ಆ ಮಂಗಳವಾರದ ಮಾರನೆಯ ದಿನ, ಬುಧವಾರ ಬೆಳಿಗ್ಗೆ, ನೀವು ಚಹಾ ಕುಡಿಯುವ ಹೊತ್ತಿಗೆ ತಲುಪಲಿ.

ನಿಮ್ಮ ಊರು ಹೇಗಿದೆ ಎಂದು ಕೇಳುತ್ತೀರಿ. ಬಿಸಿಲು ಹೆಚ್ಚಾಗಿದೆ, ಬೇಸಿಗೆಯಲ್ಲಿ ಆರಾಧನೆ ಬೆಳಗಿನ ಐದಕ್ಕೇ ಮುಗಿದಿರುತ್ತದೆ, ಮಧ್ಯಾಹ್ನವೆಲ್ಲ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ. ಮಗ್ಗಗಳು ಬಿಸಿಲಿನ ಶಕ್ತಿಯಿಂದ ತಾವೇ ನಡೆಯುತ್ತವೆ, ಆದರೆ ಕಡಿದ ಎಳೆ ಜೋಡಿಸಲು ಇನ್ನೂ ಮನುಷ್ಯರ ಬೆರಳೇ ಬೇಕು. ನನ್ನ ಉದ್ಯೋಗ ಅದು. ರೊಟ್ಟಿ ಬಡಿಯುವ ಸಪ್ಪಳ ಹಾಗೆಯೇ ಇದೆ. ದೇವಾಲಯದ ಗಂಟೆಯನ್ನು ಕೈಯಿಂದಲೇ ಎಳೆಯುತ್ತೇವೆ, ಅದರ ಹಗ್ಗ ಮಾತ್ರ ಹೊಸದು. ನಿಮ್ಮ ಫೋನಿನ ಜಾಗಕ್ಕೆ ‘ಒಳದನಿ’ ಬಂದಿದೆ. ಜೋಳದ ಕಾಳಿನಷ್ಟು ಗಾತ್ರ, ಕಿವಿಯ ಹಿಂದೆ ಅಂಟಿಸಿಕೊಳ್ಳುತ್ತೇವೆ. ಬೆರಳಾಡಿಸಬೇಕಿಲ್ಲ, ಬಾಯಿ ತೆರೆಯಬೇಕಿಲ್ಲ. ಹೇಳಬೇಕೆಂದು ಮನಸ್ಸು ಮಾಡಿದರೆ ಸಾಕು, ಬಳಗದ ಅಷ್ಟೂ ಜನಕ್ಕೆ ನಮ್ಮದೇ ಧ್ವನಿಯಲ್ಲಿ ಕೇಳಿಸುತ್ತದೆ. ಇದನ್ನು ಬೈಯಲು ನಾನು ಕೂತಿಲ್ಲ. ಹಾಸಿಗೆ ಹಿಡಿದ ನಮ್ಮ ಮುದುಕರು ಅದರಿಂದಲೇ ಭಾನುವಾರ ನಮ್ಮೊಂದಿಗೆ ಹಾಡುತ್ತಾರೆ. ನಿಮ್ಮ ಗುಂಪೂ ಹಾಗೇ ಅಲ್ಲವೇ? ಜ್ವರದ ಹಾವಳಿಯ ವರ್ಷ ಒಂದೇ ಗಂಟೆಯಲ್ಲಿ ಏಳು ಜನ ರಕ್ತ ಕೊಡಲು ಓಡಿದ್ದು ನೀವು ಕಳಿಸಿದ ಎರಡು ಸಾಲಿನಿಂದ. ಅದನ್ನು ಓದಿದಾಗ ನಾನು ಹೆಮ್ಮೆಪಟ್ಟೆ.

ಗುಂಪಿನ ಮಾತುಗಳೆಲ್ಲ ನಮ್ಮ ಸಭೆಯ ದಾಖಲೆಯಲ್ಲಿವೆ, ನೀವು ಅಳಿಸಿದವೂ ಸೇರಿ. ಅಳಿಸಿದ್ದು ಅಳಿಯಿತೆಂದು ನಂಬಿದ್ದು ನಿಮ್ಮ ಕಾಲದ ಮುಗ್ಧತನ. ನಿಮ್ಮ ಮಂಗಳವಾರದ ಸಂದೇಶ ಹೀಗಿದೆ:

“ಕರ್ತನಲ್ಲಿ ಪ್ರಿಯರೇ, ನಮ್ಮ ಹಾರ್ಮೋನಿಯಂ ಎಬೆನೇಜರ ಮಾಸ್ತರರಿಗಾಗಿ ತುರ್ತಾಗಿ ಪ್ರಾರ್ಥಿಸಿರಿ. ಮನಸ್ಸಿನ ಕಾಯಿಲೆ. ನಿದ್ದೆಯಿಲ್ಲ, ಸುಮ್ಮನೆ ಅಳುತ್ತಾರಂತೆ. ಇಂದು ಧಾರವಾಡದ ಡಾಕ್ಟರರ ಹತ್ತಿರ ಕರೆದೊಯ್ದಿದ್ದಾರೆ. ಅವರ ಮನೆಯವರು ನನ್ನ ಹತ್ತಿರ ಹೇಳಿಕೊಂಡು ಅತ್ತರು. ಈ ವಿಷಯ ನಮ್ಮನಮ್ಮಲ್ಲೇ ಇರಲಿ.”

ಅಜ್ಜಿ, ಇನ್ನೂರ ಹದಿನಾಲ್ಕು ಜನರಿಗೆ ಹೇಳಿ, ನಮ್ಮನಮ್ಮಲ್ಲೇ ಇರಲಿ ಎಂದಿರಲ್ಲ! ನಗು ಬಂತು, ಕ್ಷಮಿಸಿ. ನಕ್ಕ ಮೇಲೆ ಅಳುವೂ ಬಂತು, ಏಕೆಂದರೆ ಆ ಸಾಲುಗಳಲ್ಲಿ ಕೆಟ್ಟ ಮನಸ್ಸಿನ ಗುರುತು ಎಲ್ಲೂ ಇಲ್ಲ. ಮಾಸ್ತರರ ಹೆಂಡತಿ ರೆಬೆಕ್ಕನವರು ನಿಮ್ಮ ಅಡುಗೆಮನೆಯಲ್ಲಿ ಗಂಡನ ಸ್ಥಿತಿ ಹೇಳಿಕೊಂಡಾಗ ನಿಮ್ಮ ಕರುಳು ಚುರುಕ್ ಎಂದಿತು. ಏನಾದರೂ ಮಾಡಬೇಕೆನ್ನಿಸಿತು. ಕೈಯಲ್ಲಿ ಫೋನಿತ್ತು. ಬೇರೆಯವರಾದರೆ ಇದನ್ನು ಚಾಡಿ ಎಂದು ಗುರುತಿಸಿ ತಡೆದುಕೊಳ್ಳುತ್ತಿದ್ದರೇನೋ. ನಮ್ಮಂಥ ಸಭೆಯವರಿಗೆ ಅದು ಪ್ರಾರ್ಥನೆಯ ಉಡುಪಿನಲ್ಲಿ ಬರುತ್ತದೆ, ಹಾಗಾಗಿ ಎದ್ದು ನಿಂತು ಒಳಗೆ ಕರೆದು ಕೂರಿಸುತ್ತೇವೆ.

ಮುಂದಿನದನ್ನು ನೀವು ಕೊನೆಗಾಲದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀರಿ, ಅದು ಈಗ ನನ್ನ ಹತ್ತಿರವಿದೆ. ಸಂಜೆಯೊಳಗೆ ತೊಂಬತ್ತೆಂಟು ಜನ ಕೈಮುಗಿದ ಚಿತ್ರ ಹಾಕಿದರು. ಎಷ್ಟಾಯಿತೆಂದು ನೀವು ಮತ್ತೆಮತ್ತೆ ತೆರೆದು ನೋಡಿದಿರಂತೆ. ಇದನ್ನು ಬರೆಯಲು ಧೈರ್ಯ ಬೇಕು, ನನಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಿದ್ದು ಆ ಸಾಲಿನಲ್ಲೇ. ಅಷ್ಟರಲ್ಲಿ ಸಂದೇಶ ಹಾವೇರಿಯ ಗುಂಪಿಗೆ, ಹುಬ್ಬಳ್ಳಿಯ ಗುಂಪಿಗೆ, ಅಲ್ಲಿಂದ ಮಸ್ಕತ್ತಿಗೆ ಹೋಯಿತು. ಮಾಸ್ತರರು ಧಾರವಾಡದಿಂದ ಬಸ್ಸಿನಲ್ಲಿ ಮರಳುತ್ತಿದ್ದಾಗಲೇ ಮಸ್ಕತ್ತಿನ ಸೋದರಳಿಯ ಫೋನು ಮಾಡಿ, “ಮಾವಾ, ನಿಮಗ ತಲಿ ಕೆಟ್ಟೈತಂತ, ಖರೇನಾ?” ಎಂದು ಕೇಳಿದ. ಅವರು ಫೋನನ್ನು ಹೆಂಡತಿಯ ಮಡಿಲಿಗೆ ಹಾಕಿ ಕಿಟಕಿಯ ಹೊರಗೆ ನೋಡುತ್ತ ಕೂತರಂತೆ. ಮುಂದಿನ ವಾರದಿಂದ ಅವರ ಹತ್ತಿರ ಸಂಗೀತ ಕಲಿಯಲು ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಭಾನುವಾರ ಹಾರ್ಮೋನಿಯಂ ಮುಂದಿನ ಕುರ್ಚಿ ಖಾಲಿ ಉಳಿಯಿತು. ಕೈಮುಗಿದ ತೊಂಬತ್ತೆಂಟು ಜನರಲ್ಲಿ ಒಬ್ಬರೂ ಅವರ ಮನೆಗೆ ಹೋಗಲಿಲ್ಲ. ಪ್ರಾರ್ಥನೆ ಮಾಡಿಯಾಯಿತಲ್ಲ ಎಂಬ ಸಮಾಧಾನ ಅವರೆಲ್ಲರಿಗೂ ಸಿಕ್ಕಿತ್ತು.

ನೀವೂ ಹೋಗಲಿಲ್ಲ, ಅಜ್ಜಿ. ಬುಧವಾರ ವಿಷಯ ತಿಳಿದು ಸಂದೇಶ ಅಳಿಸಿದಿರಿ, ಗುಂಪು ಬಿಟ್ಟಿರಿ, ಮೂರು ದಿನ ಊಟ ಬಿಟ್ಟಿರಿ. ದೇವರ ಮುಂದೆ ಮೊಣಕಾಲೂರಿ ಕ್ಷಮೆ ಬೇಡಿದಿರಿ. ಆತನಿಗೆ ಹೇಳುವುದು ಸುಲಭ, ಆತ ಓಣಿಯಲ್ಲಿ ಎದುರಾಗುವುದಿಲ್ಲ. ಮಾಸ್ತರರ ಮನೆ ನಿಮ್ಮ ಮನೆಯಿಂದ ಎರಡೇ ಓಣಿ. ಮಸ್ಕತ್ತಿಗೆ ಸಂಜೆಯೊಳಗೆ ಹೋದ ಮಾತಿನ ಹಿಂದೆ ನೀವು ಆ ಎರಡು ಓಣಿ ದಾಟಲು ಹನ್ನೊಂದು ತಿಂಗಳು ತೆಗೆದುಕೊಂಡಿರಿ. ಹೋದಾಗ ಬಾಗಿಲು ತೆರೆದವರು ಮಾಸ್ತರರೇ. “ಬರ್ರಿ ಸುಗುಣವ್ವ. ನೀವು ಬರತೀರಿ ಅಂತ ಮೊದಲನೇ ತಿಂಗಳು ದಿನಾ ಕಾದೆ. ಆಮ್ಯಾಲ ಕಾಯೂದು ಬಿಟ್ಟೆ,” ಎಂದರು. ಬೈಯಲಿಲ್ಲ, ಬೆನ್ನು ತಿರುಗಿಸಲಿಲ್ಲ. ಚಹಾ ಮಾಡಿಸಿದರು. ಹಾರ್ಮೋನಿಯಂ ಅಷ್ಟರಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದರು. ಅವರ ಮನಸ್ಸು ನಿಧಾನವಾಗಿ ಸುಧಾರಿಸಿತು. ಸಭೆಯಲ್ಲಿ ಮಾತ್ರ ಅವರು ಮತ್ತೆಂದೂ ನುಡಿಸಲಿಲ್ಲ.

ಆ ದಿನ ಅವರು ಮನೆಯಲ್ಲಿದ್ದ ಮಗ್ಗದ ಮೂಲೆಯಿಂದ ಒಂದು ಎಳೆ ನೂಲು ಕಿತ್ತು, ಗಂಟು ಹಾಕಿ, ನಿಮ್ಮ ಕೈಗಿಟ್ಟು, “ಈಗ ಹೇಳ್ರಿ, ನನ್ನ ಹೆಸರು ಹಿಡದು ಪ್ರಾರ್ಥನಾ ಮಾಡ್ರಿ. ಈಗ ನಾನ ಹೇಳಾಕತ್ತೀನಿ,” ಎಂದರು. ಅದೇ ನಮ್ಮ ಸಭೆಯ ಪದ್ಧತಿಯಾಯಿತು. ಕಷ್ಟದಲ್ಲಿರುವವರು ತಮ್ಮ ಕೈಯಾರೆ ಗಂಟು ಹಾಕಿದ ನೂಲು ಕೊಡದೆ ಅವರ ಹೆಸರನ್ನು ಕೂಟದಲ್ಲಾಗಲಿ ಬಳಗದಲ್ಲಾಗಲಿ ಎತ್ತುವಂತಿಲ್ಲ. ‘ಒಪ್ಪಿಗೆ ನೂಲು’ ಎನ್ನುತ್ತೇವೆ. ನೂಲು ಬೇಕೆಂದರೆ ಅವರ ಮನೆಗೆ ನಡೆದೇ ಹೋಗಬೇಕು, ಕೂರಬೇಕು, ಕೇಳಬೇಕು. ಎಷ್ಟೋ ಸಲ ಹಾಗೆ ಹೋಗಿ ಕೂತದ್ದೇ ಅವರಿಗೆ ಬೇಕಾಗಿದ್ದ ಸಹಾಯವಾಗಿರುತ್ತದೆ, ನೂಲಿನ ಮಾತೇ ಬರುವುದಿಲ್ಲ.

ಈ ನೂಲುಗಳನ್ನು ತೆಗೆದುಕೊಂಡು ಕೂಟದ ತಟ್ಟೆಯಲ್ಲಿ ಇಡುವ ಕೆಲಸ ನನ್ನದು, ಹದಿನಾರು ವರ್ಷದಿಂದ. ಅಂಥವಳೇ ಯೆಮೀಮಳ ಸಂಕಟವನ್ನು ನೂಲಿಲ್ಲದೆ ಒಳದನಿಯಲ್ಲಿ ಬಿಟ್ಟೆ. ಅವಳು ನನ್ನ ಹೆಗಲ ಮೇಲೆ ಅತ್ತು ಹೋಗಿ ಇನ್ನೂ ಓಣಿ ತಿರುಗಿರಲಿಲ್ಲ. ನನಗೆ ಎದೆ ತುಂಬಿಬಂತು, ಎಲ್ಲರೂ ಅವಳಿಗಾಗಿ ಬೇಡಲಿ ಎಂದುಕೊಂಡೆ, ಅಂದುಕೊಂಡದ್ದೇ ಮುನ್ನೂರು ಜನರ ಕಿವಿಗೆ ಬಿತ್ತು. ತುಸು ಬಿಚ್ಚಿ ಹೇಳುವುದಾದರೆ, ಅವಳು ಮೊದಲು ನನಗೇ ಹೇಳಿದಳಲ್ಲ ಎಂಬ ಹಿಗ್ಗೂ ಆ ಧ್ವನಿಯಲ್ಲಿತ್ತು. ಅವಳ ಸಂಕಟ ಏನೆಂದು ಇಲ್ಲಿ ಬರೆಯುವುದಿಲ್ಲ. ಸತ್ತು ಒಂದು ಶತಮಾನ ದಾಟಿದ ಅಜ್ಜಿಗೂ ಹೇಳುವುದಿಲ್ಲ. ಅವಳು ಅಂದಿನಿಂದ ಕೂಟಕ್ಕೆ ಬಂದಿಲ್ಲ. ಐವತ್ತು ವರ್ಷದ ಗೆಳೆತನ ಕಡಿದುಹೋಗುತ್ತದೇನೋ ಎಂದು ನನಗೆ ಭಯವಾಗಿದೆ. ನಾಳೆ ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತ ಒಂಬತ್ತು ದಿನ ಕಳೆದೆ. ನೀವೂ ಮೊದಲ ವಾರ ಹೀಗೇ ಅಂದುಕೊಂಡಿರಬೇಕು.

ಅದಕ್ಕೇ ನನ್ನ ವಿನಂತಿ. ಈ ಪತ್ರ ಬುಧವಾರ ಬೆಳಿಗ್ಗೆ ತಲುಪಿದರೆ, ಚಹಾ ಅರ್ಧಕ್ಕೇ ಬಿಟ್ಟು ಏಳಿ. ಮಾಸ್ತರರು ಇನ್ನೂ ಕಾಯುತ್ತಿದ್ದಾರೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಬರೆದುಕೊಂಡು ಕೂರಬೇಡಿ, ಬಾಗಿಲಲ್ಲಿ ನಿಂತಾಗ ಬಂದ ಮಾತು ಸಾಕು. ನೀವು ಬೇಗ ಹೋದರೆ ಬಹುಶಃ ನೂಲಿನ ಪದ್ಧತಿ ಹುಟ್ಟುವುದೇ ಇಲ್ಲ, ನನ್ನ ತಟ್ಟೆಯೂ ಇರುವುದಿಲ್ಲ. ಹೋಗಲಿ ಬಿಡಿ. ನೂರೈವತ್ತು ವರ್ಷದ ಒಳ್ಳೆಯ ಪದ್ಧತಿಗಿಂತ ಮಾಸ್ತರರು ಮುಂದಿನ ಭಾನುವಾರ ನುಡಿಸುವುದು ದೊಡ್ಡದು.

ನಾನೂ ಈಗ ಏಳುತ್ತೇನೆ. ಇನ್ನೂ ಬಿಸಿಲೇರಿಲ್ಲ, ಯೆಮೀಮ ಅಂಗಳ ಗುಡಿಸುವ ಹೊತ್ತು. ಅವಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ತೆರೆಯದಿದ್ದರೆ ನಾಳೆಯೂ ಹೋಗುತ್ತೇನೆ. ಅಜ್ಜಿ, ನನಗಾಗಿ ಪ್ರಾರ್ಥಿಸಿರಿ. ನೀವೊಬ್ಬರೇ ಪ್ರಾರ್ಥಿಸಿರಿ, ಯಾರಿಗೂ ಹೇಳಬೇಡಿ.

ನಿಮ್ಮ ಮೊಮ್ಮಕ್ಕಳ ಸಾಲಿನವಳು,
ಶಾಲೋಮಿ