ಮರದ ನೆರಳಲ್ಲಿಟ್ಟ ಮೆಷಿನ್

ಜನವರಿ 9, ಬೆಳಿಗ್ಗೆ 7
ಫಿಲ್ಟರ್ ಪೇಪರ್ ಬದಲಿಸಿದೆ. ನಿನ್ನೆ ಹಾಕಿದ ಬಿಳಿ ಹಾಳೆ ಇವತ್ತೂ ಹೆಚ್ಚುಕಡಿಮೆ ಬಿಳಿಯೇ. ಹೋದ ವರ್ಷ ಈ ಹೊತ್ತಿಗೆ ಬಾಣಲೆ ತಳದ ಹಾಗೆ ಬರುತ್ತಿತ್ತು. ಆಗ ಗಾಳಿ ಅಳೆಯುವ ಮೆಷಿನ್ ಸ್ಕೂಲಿನ ಟೆರೇಸ್ ಮೇಲಿತ್ತು. ಮೂರು ಮಹಡಿ, ನನ್ನ ಮೊಣಕಾಲು... ಜುಲೈನಲ್ಲಿ ನಾನೇ ಇಳಿಸಿ, ಫ್ಯಾಕ್ಟರಿಗೂ ಕಾಲನಿಗೂ ನಡುವಿನ ಮರಗಳ ಒಳಗೆ, ಪಂಪ್‌ಹೌಸ್ ಪಕ್ಕ ಇಟ್ಟೆ. ನೆರಳು, ಪ್ಲಗ್ ಪಾಯಿಂಟ್, ಕೂರಲು ಕಲ್ಲು. ಫಾರಂನಲ್ಲಿ ಈಗಲೂ "ಟೆರೇಸ್" ಅಂತಲೇ ಬರೆಯುತ್ತೇನೆ. ಯಾರಪ್ಪನ ಗಂಟೇನು ಹೋಗುತ್ತೆ?

ಜನವರಿ 23
ಸಾಹೇಬರು ಕರೆದು ಬೆನ್ನು ತಟ್ಟಿದರು. ಇಡೀ ವಲಯದಲ್ಲಿ ನಮ್ಮದೇ ಅತಿ ಶುದ್ಧ ಗಾಳಿಯಂತೆ. ಟೀ ಬೇರೆ ಕೊಡಿಸಿದರು, ಹದಿನಾರು ವರ್ಷದಲ್ಲಿ ಮೊದಲ ಸಲ. ಉಬ್ಬಿಹೋದೆ.

ಫೆಬ್ರವರಿ 16, ಮಧ್ಯಾಹ್ನ
ಮರಗಳಿಗೆ ನೋಟಿಸ್ ಹೊಡೆದಿದ್ದಾರೆ. ಕಡಿದು ಲಾರಿ ಸ್ಟ್ಯಾಂಡ್ ಮಾಡುತ್ತಾರಂತೆ. ಕಾರಣ — "ಮಾಪನದ ಪ್ರಕಾರ ಗಾಳಿ ಶುದ್ಧವಾಗಿದ್ದು, ಹಸಿರು ಪಟ್ಟಿಯ ಅಗತ್ಯ ಉಳಿದಿಲ್ಲ."
ಆ ಮಾಪನ ನನ್ನದು. ಎಲೆಗಳು ಧೂಳು ಹಿಡಿದು ಹಿಡಿದು ಬೂದಿ ಬಣ್ಣಕ್ಕೆ ತಿರುಗಿವೆ. ಅವು ಸೋಸಿದ ಗಾಳಿಯನ್ನು ಊರಿನ ಗಾಳಿ ಅಂತ ಬರೆದುಕೊಟ್ಟೆ. ಕತ್ತೆ ನಾನು.
ಮರಗಳ ಆಚೆ ಮೊದಲನೇ ಮನೆ ಅಕ್ಕನದು. ಇನ್‌ಹೇಲರ್ ಇಲ್ಲದೆ ತರಕಾರಿ ತರಲೂ ಹೋಗುವುದಿಲ್ಲ ಅವಳು.

ಫೆಬ್ರವರಿ 17
ಸಾಹೇಬರಿಗೆ ಎಲ್ಲ ಹೇಳಿದೆ. ಎದ್ದು ಬಾಗಿಲು ಹಾಕಿದರು.
"ತಲೆ ಕೆಟ್ಟಿದ್ಯೇನ್ರೀ? ಏಳು ತಿಂಗಳ ರಿಪೋರ್ಟ್ ಸುಳ್ಳು ಅಂತ ಬರ್ಕೊಡ್ತೀರಾ? ಮೊದ್ಲು ಹೋಗೋದು ನಿಮ್ಮ ಕೆಲಸ."
"ಮತ್ತೆ ಟೆರೇಸ್ ಮೇಲೆ ಇಡ್ತೀನಿ ಸಾರ್. ಒಂದು ವಾರ ಸಾಕು."
"ಇಡಿ. ಮರ ಹೋದ್ಮೇಲೆ ಇಡಿ."
"ಆಯ್ತು ಸಾರ್" ಅಂದೆ. ಆಯ್ತಂತೆ! ಈ ನಾಲಿಗೆಗೆ ಬರೋದೇ ಅಷ್ಟು.

ಫೆಬ್ರವರಿ 25
ಕಾಲನಿಯವರ ಸಭೆ. ಅಕ್ಕ ಎದ್ದು ನಿಂತಳು. "ಮರ ಇದ್ದೂ ದಿನಾ ಕಿಟಕಿ ಒರೆಸ್ತೀನಿ. ಯಾವ ಪುಣ್ಯಾತ್ಮ ಅಳೆದಿದ್ದು?" ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ನನ್ನ ತಮ್ಮ ಅದೇ ಆಫೀಸು. ಅವನನ್ನ ಕೇಳಿ, ಸುಳ್ಳು ಹೇಳೋನಲ್ಲ."
ಎಲ್ಲರೂ ತಿರುಗಿದರು.
"ಅದು ಬೇರೆ ವಿಭಾಗ" ಅಂದೆ.

ಮಾರ್ಚ್ 30
ನಾಲ್ಕೇ ದಿನದಲ್ಲಿ ಕಡಿದು ಮುಗಿಸಿದರು. ಮೆಷಿನ್ ಟೆರೇಸಿಗೆ ಹೋಯಿತು. ಹಾಳೆ ಕಪ್ಪೋ ಕಪ್ಪು. "ಲಾರಿ ಓಡಾಟ ಜಾಸ್ತಿ ಅಂತ ಷರಾ ಬರೀರಿ" ಅಂದರು ಸಾಹೇಬರು. ಬರೆದೆ.

ಏಪ್ರಿಲ್ 14, ಸಂಜೆ 4, ಆಸ್ಪತ್ರೆ
ಅಕ್ಕನಿಗೆ ಆಕ್ಸಿಜನ್ ಹಾಕಿ ಇವತ್ತಿಗೆ ಮೂರು ದಿನ. ಭಾವ ಔಷಧಿ ತರಲು ಹೋಗಿದ್ದಾರೆ. ಮಾತಾಡಬೇಡ ಅಂದರೆ ಕೇಳಬೇಕಲ್ಲ — ಮಾಸ್ಕ್ ಸರಿಸಿ, "ಒಂದು ಕಂಪ್ಲೇಂಟ್ ಬರ್ಕೊಡೋ, ನಿನ್ನ ಅಕ್ಷರ ಚೆನ್ನಾಗಿದೆ" ಅಂದಳು. ಅವಳು ಉಸಿರು ಸಿಕ್ಕಾಗೊಂದು ಮಾತು, ನಾನೊಂದು ಸಾಲು. ಕೊನೆಗೆ — ತಪ್ಪು ಅಳತೆ ಕೊಟ್ಟವನ ಹೆಸರು. "ಖಾಲಿ ಬಿಡು, ವಿಚಾರಿಸಿ ತುಂಬೋಣ" ಅಂತ ಕಣ್ಣು ಮುಚ್ಚಿದಳು.
ತುಂಬಿದೆ. ಪೂರ್ತಿ ಹೆಸರು, ಹುದ್ದೆ ಸಮೇತ.
ಭಯವಾಗುತ್ತಿದೆ. ಹರಿದು ಬೇರೆ ಬರೆಯಲೇ? ಇನ್ನೂ ಹೊತ್ತಿದೆ, ನಿದ್ದೆಯಲ್ಲಿದ್ದಾಳೆ... ಇಲ್ಲ, ಎದ್ದಳು. ಕನ್ನಡಕ ಹಾಕಿಕೊಂಡು ಹಾಳೆಗೆ ಕೈ ಚಾಚು—