ಊರಿನವನ ಜಾಮೀನು

ಮಾರ್ಚ್ 3, ಸೋಮವಾರ. ಶಿಕಾರಿಪುರ

ರಜೆಯ ಹತ್ತೊಂಬತ್ತನೇ ದಿನ. ಕೆರೆ ಏರಿಯ ಮೇಲೆ ನಡೆದು ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕೊಟ್ರೇಶನ ಫೋನು. ದೋಹಾದ ಕ್ಯಾಂಪಿನಲ್ಲಿ ನನ್ನ ಪಕ್ಕದ ಮಂಚದವನು. ಸೊರಬದ ಕಡೆ, ಕುಪ್ಪಗಡ್ಡೆ.

"ಮಾಂತೇಶಣ್ಣ, ವಾಪಸ್ ಟಿಕೆಟ್ ಆಯ್ತಾ?"

ಒಂದು ವಾರದಲ್ಲಿ ಇದು ಮೂರನೇ ಸಲ. ಅಲ್ಲಿ ಇನ್ನೂ ಬೆಳಗಿನ ನಾಲ್ಕೂವರೆ, ಡ್ಯೂಟಿ ಬಸ್ಸಿಗೆ ನಿಂತಿರಬೇಕು. ಅಷ್ಟು ಹೊತ್ತಿಗೇ ಕೇಳುವಂಥದ್ದೇನು? ಹಿಂದೆ ಯಾರೋ ಕೆಮ್ಮಿದರು. ಫೋರ್‌ಮನ್ ಹಾಗೇ ಕೆಮ್ಮುವುದು.

"ನೋಡ್ತಿದೀನಿ ಕಣೋ" ಅಂದೆ.

ಅದೇ ದಿನ, ಮಧ್ಯಾಹ್ನ

ಬರೆದಿಟ್ಟರೆ ತಲೆಗೆ ಸ್ಪಷ್ಟವಾದೀತು. ದೋಹಾಕ್ಕೆ ನಾನು ವಾಪಸ್ ಹೋಗುವುದಿಲ್ಲ. ಒಂಬತ್ತು ವರ್ಷ ಸ್ಟೋರ್ ಕೀಪರ್. ಸಾಕು. ಮಸ್ಕತ್‌ನ ಗೋದಾಮೊಂದರಲ್ಲಿ ಕೆಲಸ ಸಿಕ್ಕಿದೆ. ಮೂರು ತಿಂಗಳಾದರೆ ಫ್ಯಾಮಿಲಿ ವೀಸಾ — ಪ್ರಮೀಳಾ ಬರಬಹುದು. ಮದುವೆಯಾಗಿ ಹದಿನಾಲ್ಕು ವರ್ಷ, ಒಟ್ಟಿಗೆ ಇದ್ದದ್ದೆಲ್ಲ ರಜೆಯಲ್ಲಿ. ಹದಿನೇಳಕ್ಕೆ ಅಲ್ಲಿ ಹಾಜರಾಗಬೇಕು, ಒಂದು ದಿನವೂ ಕಾಯುವುದಿಲ್ಲವಂತೆ. ದೋಹಾದವರಿಗೆ ರಾಜೀನಾಮೆ ಕೊಡಬೇಕೆಂದರೆ ಅಲ್ಲಿಗೇ ಹೋಗಿ ಎರಡು ತಿಂಗಳ ನೋಟಿಸ್ ಕೂರಬೇಕು. ಅದಕ್ಕೇ ಹೇಳದೆ...

ಅಲ್ಲಿನ ಪದ್ಧತಿ ಒಂದಿದೆ. ರಜೆಗೆ ಹೊರಟವನಿಗೆ ಇನ್ನೊಬ್ಬ ಜಾಮೀನು ಸಹಿ ಹಾಕಬೇಕು, ಇವನು ಮರಳಿ ಬರುತ್ತಾನೆ ಎಂದು. ಬಾರದಿದ್ದರೆ ಸಹಿ ಹಾಕಿದವನಿಗೆ ಎರಡು ವರ್ಷ ರಜೆಯಿಲ್ಲ. ಅವನ ಪಾಸ್‌ಪೋರ್ಟ್ ಕಂಪನಿ ಆಫೀಸಿನ ಕಪಾಟಿನಲ್ಲೇ. ಊರಿನವನಿಗೆ ಊರಿನವನೇ ಸಹಿ. ನನ್ನ ಕಾಗದದ ಮೇಲೆ ಕೊಟ್ರೇಶನದು.

ಪ್ರಮೀಳಾಳನ್ನು ಬಿಟ್ಟು ಯಾರಿಗೂ ತಿಳಿಯದು. ತಿಳಿಯದು ಅಂದುಕೊಂಡಿದ್ದೇನೆ.

ಮಾರ್ಚ್ 6, ಗುರುವಾರ

ಕೊಟ್ರೇಶನ ಸೋದರಮಾವ ಕೆಂಪಪ್ಪ ಬಂದಿದ್ದರು. ಸೊರಬದಿಂದ ಬೈಕಿನಲ್ಲಿ, ಹಲಸಿನ ಹಪ್ಪಳದ ಕಟ್ಟು ಹಿಡಿದು.

"ಸುಮ್ನೆ ಬಂದೆ ಮಾರಾಯ್ರೆ. ಬ್ಯಾಂಕಲ್ಲಿ ಕೆಲ್ಸ ಇತ್ತು."

ಸೊರಬದಲ್ಲಿ ಬ್ಯಾಂಕಿಲ್ಲವೇ?

ಕಾಫಿ ಕುಡಿಯುತ್ತ ಗೋಡೆಯ ಕ್ಯಾಲೆಂಡರ್ ನೋಡಿದರು. ಹದಿನೇಳರ ಮೇಲೆ ಪ್ರಮೀಳಾ ಇಟ್ಟ ಸಣ್ಣ ಚುಕ್ಕೆ. ನಾನು ಎದ್ದು ಫ್ಯಾನ್ ಹಾಕಿದೆ, ಹಾಳೆ ಹಾರಲಿ ಎಂದು.

"ಹೊರಡೋದು ಯಾವತ್ತು? ತಾರೀಖು ಹೇಳ್ಬಿಡಿ, ಬರ್ಕೊಂಡು ಹೋಗ್ತೀನಿ." ಜೇಬಿನಿಂದ ಪೆನ್ನೂ ಬಂತು.

"ಇಪ್ಪತ್ತೆರಡು." ಬಾಯಿಗೆ ಬಂದ ಸಂಖ್ಯೆ.

"ಖಾತ್ರಿ ಅಲ್ವಾ?"

"ಟಿಕೆಟ್ಟೇ ಆಗೇತ್ರೀ."

ಅಂಗೈಯಲ್ಲಿ ಬರೆದುಕೊಂಡರು. ಹಪ್ಪಳದ ಕಟ್ಟು ಬಿಚ್ಚಬೇಡ ಅಂದೆ ಪ್ರಮೀಳಾಗೆ. ಯಾಕೆ ಅಂದೆನೋ ಗೊತ್ತಿಲ್ಲ.

ಮಾರ್ಚ್ 7, ಶುಕ್ರವಾರ

ಕೊಟ್ರೇಶನ ಫೋನಿಲ್ಲ. ಶುಕ್ರವಾರ ಅಲ್ಲಿ ರಜೆ, ತಪ್ಪದೆ ಮಾಡುತ್ತಿದ್ದ. ತಾರೀಖು ತಲುಪಿತು, ಕೇಳುವುದು ನಿಂತಿತು. ಅಲ್ಲಿಂದ ಮುಂದೆ ಯಾರಿಗೆ ತಲುಪಿಸಿದನೋ.

"ಸಂಶಯ ಅನ್ನೋದು ನಿಮಗೆ ಬಿಪಿ ಮಾತ್ರೆ ಇದ್ದಂಗೆ" ಎಂದಳು ಪ್ರಮೀಳಾ. "ದಿನಾ ಒಂದು ಬೇಕು."

ಮಾರ್ಚ್ 12, ಬುಧವಾರ

ಕೆಂಪಪ್ಪ ಮತ್ತೆ. ಈ ಸಲ ಹಿಂದೆ ಕೊಟ್ರೇಶನ ತಾಯಿ ನಿಂಗಮ್ಮ. ತಟ್ಟೆ ಕೇಳಿ, ಎಲೆ ಅಡಿಕೆ ಇಟ್ಟು, ಅದರ ಮೇಲೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಮದುಮಗ ಕೊಟ್ರೇಶ. ಏಪ್ರಿಲ್ ಹದಿನಾರು.

"ನಿಮ್ಮ ತಾರೀಖು ಸಿಕ್ಕ ಮೇಲೇ ಅಯ್ನೋರು ದಿನ ನೋಡಿದ್ದು" ಎಂದಳು ನಿಂಗಮ್ಮ. "ನೀವು ಅಲ್ಲಿ ಹಾಜರಾದ್ರೆ ತಾನೇ ಅವನಿಗೆ ರಜೆ ಕೊಡೋದು? ದೇವರ ಮುಂದೆ ಇಟ್ಟದ್ದು ಬಿಟ್ರೆ ಮೊದಲ್ನೇ ಕಾರ್ಡು ನಿಮಗೇ."

ಕೆಳಗೆ, ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರು. ಮಹಾಂತೇಶ್, ದೋಹಾ.

ಇದಕ್ಕಾಗಿಯೇ ಕೇಳುತ್ತಿದ್ದರು. ಇಷ್ಟಕ್ಕೇ. ನಂಬಲಾಗುತ್ತಿಲ್ಲ. ಪತ್ರಿಕೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ.

ಮಾರ್ಚ್ 14, ಶುಕ್ರವಾರ. 11 ಗಂಟೆ

ನಾನೇ ಫೋನ್ ಮಾಡಿದೆ. ಹವಾಮಾನ, ಮೆಸ್ಸಿನ ಸಾರು, ಅದು ಇದು. ಕೊನೆಗೆ ಅವನೇ —

"ಅಣ್ಣಾ, ನೀವು ಬರಲ್ಲ ಅಲ್ವಾ?"

"ಯಾರಂದ್ರು?"

"ಯಾರೂ ಅನ್ಲಿಲ್ಲ. ರೊಟ್ಟಿ ತವಾ ಹೊತ್ಕೊಂಡು ಹೋಗಿದೀರಲ್ಲ. ರಜೆಗೆ ಹೋಗೋರು ತವಾ ಯಾಕೆ ಒಯ್ತಾರೆ? ಶಿಕಾರಿಪುರದಲ್ಲಿ ತವಾ ಸಿಗಲ್ವಾ?"

ನಾಲ್ಕು ಕಿಲೋ ಕಬ್ಬಿಣ. ಅಂಗಿಗಳ ನಡುವೆ ಸುತ್ತಿ ತಂದಿದ್ದೆ. ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

"ಗೊತ್ತಿದ್ದೂ ಆಫೀಸಿಗೆ ಹೇಳಲಿಲ್ವಾ? ಸಹಿ ವಾಪಸ್ ತಗೋಬಹುದಿತ್ತು."

"ತಗೋಬಹುದಿತ್ತು. ನೀವೇ ಹೇಳ್ತೀರೇನೋ ಅಂತ ಮತ್ತೆ ಮತ್ತೆ ಫೋನ್ ಮಾಡ್ದೆ. ನೀವು ಮಾವಂಗೆ ಇಪ್ಪತ್ತೆರಡು ಅಂದ್ರಿ. ಬರ್ತಾರೆ ಬಿಡು, ನಾನೇ ತಪ್ಪು ತಿಳ್ಕೊಂಡೆ ಅಂತ ಸುಮ್ನಾದೆ. ಇವತ್ತು ನೀವು ಮದುವೆ ಮಾತೇ ಎತ್ತಲಿಲ್ಲ, ಮತ್ತೆ ಅನುಮಾನ ಬಂತು. ಬರದಿದ್ರೆ ಅವ್ವಂಗೆ ನೀವೇ ಹೋಗಿ ಹೇಳಿ. ಕಾರ್ಡು ಇನ್ನೂ ಪೂರ್ತಿ ಕೊಟ್ಟಾಗಿಲ್ಲ."

ಮಾರ್ಚ್ 15, ಶನಿವಾರ

ಸೊರಬದಲ್ಲಿ ಬಸ್ಸು ಬದಲಿಸಿ ಕುಪ್ಪಗಡ್ಡೆ. ನಿಂಗಮ್ಮ ಜಗಲಿಯಲ್ಲಿ ಕೂತು ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು.

"ನಾನು ಹೇಳಿದ ತಾರೀಖು ಸುಳ್ಳು" ಅಂದೆ. ಮಸ್ಕತ್, ಹದಿನೇಳು, ಸಹಿ — ಎಲ್ಲ ಹೇಳಿದೆ.

ಕೈಯಲ್ಲಿದ್ದ ಪತ್ರಿಕೆ ಮುಗಿಸಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ತೆಗೆಯಲಿಲ್ಲ.

"ಹಂಗಾರೆ ನಿಜದ್ದು ಯಾವ್ದು ಹೇಳಿ. ಹೆಣ್ಣಿನ ಕಡೆಯೋರಿಗೆ ನಾನು ಏನಾದ್ರೂ ಹೇಳ್ಬೇಕಲ್ಲ."

ಬೈಯಲಿಲ್ಲ. ಬೈಯದಿರುವುದೂ ಒಂದು ಉಪಾಯವಿರಬಹುದು ಎಂದು ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ. ಉಪಾಯವೇ ಆಗಿದ್ದರೆ ಎಷ್ಟು ಸುಲಭವಿತ್ತು.

ಅದೇ ದಿನ, ಸಂಜೆ 5

ನಿಂಗಮ್ಮನಿಗೆ ಫೋನ್ ಮಾಡಿ ಇಪ್ಪತ್ತೆರಡೇ ಅಂದೆ. ಈ ಸಲ ಟಿಕೆಟ್ ತೆಗೆದು, ಅದರ ಫೋಟೊ ಕೆಂಪಪ್ಪನಿಗೆ ಕಳಿಸಿದೆ. ಮಸ್ಕತ್‌ಗೆ ಎರಡು ಸಾಲು ಬರೆದೆ. ಉತ್ತರ ಆಗಲೇ ಬಂತು, ಒಂದೇ ಪದ: ಕ್ಯಾನ್ಸಲ್.

ಪ್ರಮೀಳಾ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ.

"ನನ್ನ ತಾರೀಖು?" ಅಂದಳು.

ಅಲ್ಲಿಗೆ ಹೋಗ್ತೀನಿ, ಕೊಟ್ರೇಶ ಊರಿಗೆ ಬಂದ ಮೇಲೆ ಸರಿಯಾಗಿ ನೋಟಿಸ್ ಕೊಡ್ತೀನಿ, ಬೇರೆ ನೋಡ್ತೀನಿ, ಕರ್ಕೊಂಡು ಹೋಗ್ತೀನಿ ಅಂದೆ.

"ಯಾವಾಗ್ರೀ?"

ನಾನು ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ನಿನ ಜೊತೆ ಅವಳ ಕೈಗೆ ಕೊಟ್ಟೆ.