ಮಾತಿನ ಕೂಟದಲ್ಲಿ ನಿನ್ನ ಅಪ್ಪ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ನೀರು ಕುಡಿ, ಕಿವಿ ಮುಚ್ಚಿಕೊಳ್ಳದೆ ಆ ಯಂತ್ರಗಳ ನಡುವೆ ನಿಲ್ಲಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ "ಹೂಂ ಹೂಂ" ಎಂದು ಹಾರಿಸಿಬಿಡುತ್ತೀಯ. ಕಾಗದದಲ್ಲಿ ಬರೆದರೆ ಓದಲೇಬೇಕು. ನಿಮ್ಮ ಹಡಗು ಮುಂದಿನ ಬಂದರು ಮುಟ್ಟುವಷ್ಟರಲ್ಲಿ ಪತ್ರ ಅಲ್ಲಿನ ಕಚೇರಿಯಲ್ಲಿರುತ್ತದೆ ಎಂದು ಅಂಚೆಯವರು ಭರವಸೆ ಕೊಟ್ಟಿದ್ದಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕತ್ತಿನ ಗಾಯ ಪೂರ್ತಿ ಮಾಗಿದೆ, ಈ ಸಲದ ಪರೀಕ್ಷೆಯಲ್ಲಿ ಹೊಸದಾಗಿ ಏನೂ ಕಾಣಿಸಲಿಲ್ಲ ಎಂದರು ಡಾಕ್ಟರು. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಖ ಸಿಂಡರಿಸುತ್ತದೆ, ಅದು ಹಳೆಯ ಕಥೆ.

ನೀನು ಹೊರಟಾಗ ಅಪ್ಪ ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದರಲ್ಲ? ಧ್ವನಿಪೆಟ್ಟಿಗೆ ತೆಗೆದ ಮೇಲೆ ಉಸಿರಾಡಲೆಂದು ಕತ್ತಿನಲ್ಲಿ ಬಿಟ್ಟ ರಂಧ್ರದೊಳಗೆ ಆಮೇಲೆ ಒಂದು ಸಣ್ಣ ಕವಾಟ ಕೂರಿಸಿದರು. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಒಂದು ಬಗೆಯ ದನಿ ಹೊರಡುತ್ತದೆ. ಒರಟಾದ, ಏರಿಳಿತವಿಲ್ಲದ ದನಿ. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಕೆಲವೇ ವಾರಗಳಲ್ಲಿ ಅವರಿಂದ ಎಲ್ಲ ಅಕ್ಷರಗಳನ್ನೂ ಆಡಿಸಿದಳು. ಆದರೆ ಆಕೆಯ ಕೋಣೆಯಿಂದ ಹೊರಬಿದ್ದ ಕೂಡಲೇ ಅಪ್ಪನ ಬೆರಳು ಕತ್ತಿನಿಂದ ಕೆಳಗಿಳಿಯುತ್ತಿತ್ತು, ಸ್ಲೇಟು ಮೇಲೆ ಬರುತ್ತಿತ್ತು. ಬಸ್ ನಿಲ್ದಾಣದಲ್ಲಿ ಅಷ್ಟು ವರ್ಷ ಬರುವ ಬಸ್ಸು, ಹೋಗುವ ಬಸ್ಸುಗಳನ್ನು ಮೈಕಿನಲ್ಲಿ ಕೂಗಿ ಹೇಳಿದವರು. ಡ್ರೈವರುಗಳೆಲ್ಲ ಮೈಕಣ್ಣ ಎಂದೇ ಕರೆಯುತ್ತಿದ್ದವರು. ಈ ದನಿಯನ್ನು ತನ್ನದೆಂದು ಒಪ್ಪಿಕೊಳ್ಳಲು ಅವರಿಂದ ಆಗಲಿಲ್ಲ.

ಹಾಗಾಗಿ ಅವರ ಬದಲು ನಾನು ಮಾತಾಡತೊಡಗಿದೆ. ನಗಬೇಡ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ಆಯುಸ್ಸು ಕಳೆದವಳು ನಾನು. ಮನೆಗೆ ಬಂದರೆ ನಿನ್ನ ಅಪ್ಪನ ಕಂಠವೇ ಮನೆ ತುಂಬಿರುತ್ತಿತ್ತು, ನಡುವೆ ನನ್ನದೊಂದು ಮಾತು ತೂರಿಸಲು ಸಂದು ಸಿಗುತ್ತಿರಲಿಲ್ಲ. ಸಿಗಲಿ ಎಂದು ನಾನೂ ಹಾತೊರೆದವಳಲ್ಲ. ಅಂಥವಳು ಈಗ ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮೆಟ್ಟಿಲಲ್ಲಿ ಪಕ್ಕದ ಮನೆಯವರು ಎದುರಾದಾಗ, ಅವರಿಗೆ ಹೀಗಂತೆ, ಅವರಿಗೆ ಹಾಗಂತೆ ಎಂದು ಒದರುವುದೇ ಆಯಿತು. ಒಂದು ದಿನ ಕ್ಷೌರದಂಗಡಿಯಲ್ಲಿ ಕೂದಲು ಎಷ್ಟು ಗಿಡ್ಡ ಮಾಡಬೇಕೆಂದೂ ನಾನೇ ಹೇಳಿದೆ. ಮನೆಗೆ ಬಂದ ಮೇಲೆ ಅಪ್ಪ ಬಳಪ ಮುರಿಯುವಷ್ಟು ಒತ್ತಿ ಬರೆದರು: "ನನ್ನ ಮಾತು ನೀನಾಡಬೇಡ." ಹಾಗಾದರೆ ನೀವೇ ಆಡಿ ಎನ್ನಬೇಕೆಂದುಕೊಂಡವಳು, ಊಟಕ್ಕೆ ತಟ್ಟೆ ಹಾಕಿದೆ.

ಇದನ್ನು ಮಾತು ಕಲಿಸುವಾಕೆಯ ಹತ್ತಿರ ತೋಡಿಕೊಂಡೆ. "ಗಂಟಲು ಕಲಿತಾಯ್ತು ಅಮ್ಮ, ಇನ್ನು ಕೇಳೋ ಜನ ಬೇಕು" ಎಂದು ಆಕೆ ಒಂದು ಭಾಷಣ ಕೂಟದ ವಿಳಾಸ ಕೊಟ್ಟಳು. ಗ್ರಂಥಾಲಯದ ಮಹಡಿಯ ಮೇಲಿನ ಕೋಣೆ. ಗುರುವಾರ ಸಂಜೆ ಸೇರುತ್ತಾರೆ. ಮಡಚುವ ಕುರ್ಚಿಗಳು, ಕಾಲು ಕುಂಟುವ ಮೇಜು, ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಕುದಿಯುವ ಚಹಾದ ಕೆಟಲ್. ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಇಷ್ಟು ವರ್ಷ ಜನರ ಬಾಯಿ ತೆರೆಸಿ ಮಾತಾಡದ ಹಾಗೆ ಮಾಡಿದೆ, ಈಗ ಪಾಪ ತೊಳೆದುಕೊಳ್ಳುತ್ತಿದ್ದೇನೆ ಎಂದು ಹೊಸಬರಿಗೆಲ್ಲ ಅದೇ ತಮಾಷೆ ಹೇಳುತ್ತಾರೆ. ಒಬ್ಬರು ಮಾತಾಡಿ ಕೂತ ಮೇಲೆ ಇನ್ನೊಬ್ಬರು ಎದ್ದು ಯಾವುದು ಚೆನ್ನಾಗಿತ್ತು, ಯಾವುದು ಸಾಲದು ಎಂದು ಮುಖಕ್ಕೇ ಹೇಳಬೇಕು. ಟ್ಯಾಕ್ಸಿ ಓಡಿಸುವವನೊಬ್ಬ ಗಡಿಯಾರ ನೋಡುತ್ತಾನೆ. ಹೊತ್ತು ಮೀರಿದರೆ ಕೆಂಪು ರಟ್ಟು ಎತ್ತುತ್ತಾನೆ. ಅಪ್ಪ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಬಂದದ್ದೇ ದೊಡ್ಡದು ಎಂಬ ಮುಖ ಮಾಡಿ ಹಿಂದಿನ ಸಾಲಿನಲ್ಲಿ ಕೂತರು. ಆದರೆ ಸುಮ್ಮನೆ ಜೊತೆಗೆ ಬಂದವರು ಎಂಬ ರಿಯಾಯಿತಿ ಅಲ್ಲಿ ಯಾರಿಗೂ ಇಲ್ಲವಂತೆ. ನನ್ನನ್ನೂ ಎಬ್ಬಿಸಿಬಿಟ್ಟರು.

ಮೊದಲ ಸಲ ಹೆಸರು, ಕೆಲಸ ಇಷ್ಟನ್ನೇ ಹೇಳಿ ಕೂತುಬಿಟ್ಟೆ. ನನ್ನ ಮಾತು ತೂಗಿ ನೋಡಬೇಕಾದವರು ಗ್ರಂಥಾಲಯದಲ್ಲೇ ಕೆಲಸ ಮಾಡುವ ಹೆಂಗಸು. ನೀವು ನೆಲಕ್ಕೆ ಹೇಳಿದಿರಿ, ನೆಲ ಚೆನ್ನಾಗಿ ಕೇಳಿಸಿಕೊಂಡಿರಬೇಕು, ಮುಂದಿನ ವಾರ ನಮಗೂ ಹೇಳಿ ಎಂದರು. ಒಂದು ಮುಖ ನೋಡಿ ಒಂದು ವಾಕ್ಯ ಮುಗಿಸುವುದು, ಆಮೇಲೆ ಇನ್ನೊಂದು ಮುಖ: ಇದು ಅವರು ಕೊಟ್ಟ ಉಪಾಯ. ಎರಡನೇ ಸಲ ಗಾಜು ಉಜ್ಜುವ ಕೆಲಸದ ಬಗ್ಗೆ ಹಾಗೇ ಮಾತಾಡಿದೆ. ಈ ಸಲ ಮಾತು ಕೊನೆಯವರೆಗೂ ಮುಟ್ಟಿತು. ಮರುದಿನ ಅಂಗಡಿಯ ಯಜಮಾನರಿಗೆ, ನಾನು ಇನ್ನು ಮುಂದೆ ಮುಂಗಟ್ಟಿನಲ್ಲಿ ನಿಂತು ಗಿರಾಕಿಗಳ ಹತ್ತಿರ ಮಾತಾಡುತ್ತೇನೆ ಎಂದೆ. ಕುರ್ಚಿ ಮಾತಾಡಿದಂತೆ ಅವರು ನನ್ನನ್ನು ನೋಡಿದರು. ಈಗ ಬೆಳಗ್ಗೆಯೆಲ್ಲ ಮುಂಗಟ್ಟು ನನ್ನದೇ.

ಮೂರನೇ ಸಲಕ್ಕೆ ಧೈರ್ಯ ಹೆಚ್ಚಾಗಿ, ನಾವು ಮೊದಲು ಭೇಟಿಯಾದ ಕಥೆ ಎತ್ತಿಕೊಂಡೆ. ನಿನಗೂ ಎಷ್ಟೋ ಸಲ ಹೇಳಿದ್ದೇನಲ್ಲ: ಮೈಕಿನಲ್ಲಿ ತಪ್ಪು ಪ್ಲಾಟ್‌ಫಾರ್ಮ್ ಹೇಳಿದರು, ನನ್ನ ಬಸ್ಸು ತಪ್ಪಿತು, ಜಗಳಕ್ಕೆ ಹೋದವಳು ಅವರನ್ನೇ ಮದುವೆಯಾದೆ. ಜನ ನಗುತ್ತಿದ್ದರು, ನಾನು ಹುರುಪಿನಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಪ್ಪ ಎದ್ದು ನಿಂತಿದ್ದರು. ಮಫ್ಲರ್ ಸಡಿಲಿಸಿ, ಬೆರಳನ್ನು ಕತ್ತಿಗೆ ಒತ್ತಿ, ನನ್ನನ್ನೇ ನೋಡುತ್ತ, ನಡುನಡುವೆ ಉಸಿರು ಎಳೆದುಕೊಂಡು ಹೇಳಿದರು: "ಸರಿಯಾಗೇ ಹೇಳಿದ್ದೆ. ನೀನು... ಕೇಳಿಸ್ಕೊಳ್ಳಲಿಲ್ಲ."

ಮಾತಾಡುವವರ ನಡುವೆ ಬಾಯಿ ಹಾಕಬಾರದು ಎಂಬುದು ಕೂಟದ ನಿಯಮ. ಟ್ಯಾಕ್ಸಿಯವನು ಕೆಂಪು ರಟ್ಟನ್ನು ಅರ್ಧ ಎತ್ತಿ, ಅಪ್ಪನನ್ನೂ ಹಲ್ಲಿನ ಡಾಕ್ಟರನ್ನೂ ನೋಡುತ್ತ ಹಾಗೇ ಹಿಡಿದಿದ್ದ. ಆಗ ಗ್ರಂಥಾಲಯದ ಹೆಂಗಸು, "ಕೊನೇ ಮಾತು ನಂಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಎಂದರು. ಮಗಳೇ, ಇಷ್ಟು ದಿನದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಅರ್ಥವಾಗದಿದ್ದರೂ ಆದಂತೆ ತಲೆಯಾಡಿಸಿ, ಪಾಪ ಎಂಬ ಮುಖ ಮಾಡುತ್ತಿದ್ದವರೇ ಎಲ್ಲ, ನಾನೂ ಸೇರಿ. ಅಪ್ಪ ಇನ್ನೊಂದು ಸಲ ಹೇಳಿದರು, ಈ ಬಾರಿ ಒಂದೊಂದೇ ಪದ, ಬಸ್ಸಿನ ಸಂಖ್ಯೆ ಹೇಳುವ ಹಾಗೆ. ಎಲ್ಲರೂ ನಕ್ಕರು. ಅವರ ಭುಜವೂ ಕುಲುಕಿತು; ಸದ್ದಿಲ್ಲದಿದ್ದರೂ ಅದು ನಗುವೇ ಎಂದು ನನಗೆ ಗೊತ್ತಾಯಿತು. ಆಮೇಲೆ ಡಾಕ್ಟರು ಅವರಿಗೆ ದಂಡ ಹಾಕಿದರು: ಬಾಯಿ ಹಾಕಿದ ತಪ್ಪಿಗೆ ಮುಂದಿನ ತಿಂಗಳು ನಿಮ್ಮದೇ ಭಾಷಣ.

ಆ ತಿಂಗಳು ನಮ್ಮ ಮನೆ ಪಾಠಶಾಲೆಯಾಯಿತು. ಒಂದು ಉಸಿರಿಗೆ ಐದಾರು ಪದ ಮಾತ್ರ ಬರುತ್ತವೆ, ಹಾಗಾಗಿ ವಾಕ್ಯ ಗಿಡ್ಡವಿರಬೇಕು, ಮುಖ್ಯವಾದದ್ದು ಮೊದಲು ಬರಬೇಕು. ಉದ್ದುದ್ದ ಎಳೆದು ಮಾತಾಡುತ್ತಿದ್ದ ನಿನ್ನ ಅಪ್ಪ ಬರೆದದ್ದನ್ನೆಲ್ಲ ಒರೆಸಿ, ಒರೆಸಿ, ಉಳಿದದ್ದನ್ನು ಕನ್ನಡಿಯ ಮುಂದೆ ಹೇಳುತ್ತಿದ್ದರು. ಎಲ್ಲವೂ ಸಲೀಸಾಗಿ ಆಯಿತೆಂದು ತಿಳಿಯಬೇಡ. ಧೈರ್ಯ ಮಾಡಿ ಬೇಕರಿಗೆ ಒಬ್ಬರೇ ಹೋಗಿ ಬ್ರೆಡ್ ಕೇಳಿದಾಗ, ಸಾಲಿನಲ್ಲಿದ್ದ ಹೆಂಗಸೊಬ್ಬಳು ಮಗುವನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳಂತೆ. ಬರಿಗೈಯಲ್ಲಿ ಬಂದು ಒಂದು ವಾರ ಹೊರಗೆ ಕಾಲಿಡಲಿಲ್ಲ. ನಾನು ಏನೂ ಹೇಳಲಿಲ್ಲ, ಬ್ರೆಡ್ಡೂ ತರಲಿಲ್ಲ. ಬ್ರೆಡ್ಡಿಲ್ಲದ ಚಹಾ ಸಾಕಾಗಿ ಅವರೇ ಹೋಗಿ ತಂದರು. ಇದು ಸರಿಯೋ ತಪ್ಪೋ ನನಗಿನ್ನೂ ತಿಳಿಯದು.

ಕೊನೆಗೆ ಭಾಷಣದ ದಿನ ಬಂತು. ನಿಲ್ದಾಣದ ಮೈಕಿನ ಕೋಣೆಯ ಬಗ್ಗೆ ಮಾತಾಡಿದರು. ಇಡೀ ಊರಿಗೆ ನನ್ನ ದನಿ ಕೇಳಿಸುತ್ತಿತ್ತು, ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ, ಯಾರು ಕೇಳುತ್ತಿದ್ದಾರೆಂದು ಒಮ್ಮೆಯೂ ನೋಡಿರಲಿಲ್ಲ, ಈಗ ನೋಡುತ್ತಿದ್ದೇನೆ ಎಂದರು. ಇಷ್ಟನ್ನು ಹೇಳಲು ಎಷ್ಟು ಉಸಿರು ಬೇಕಾಯಿತೋ. ಕೆಂಪು ರಟ್ಟು ಮೇಲೆದ್ದಿತ್ತು, ಯಾರೂ ಅದರತ್ತ ನೋಡಲಿಲ್ಲ. ಮಾತು ತೂಗಿದ ಡಾಕ್ಟರು ಹೊಗಳಿ ಅಟ್ಟಕ್ಕೇರಿಸಲಿಲ್ಲ. ಕೈ ಕತ್ತಿನ ಮೇಲಿರುವಾಗ ಮೊಣಕೈ ಮುಖಕ್ಕೆ ಅಡ್ಡ ಬರುತ್ತದೆ, ಇನ್ನೊಂದು ಕೈ ಅಭ್ಯಾಸ ಮಾಡಿ ಎಂದರು. ಅದು ಅಪ್ಪನಿಗೆ ಚಪ್ಪಾಳೆಗಿಂತ ಹೆಚ್ಚು ಹಿಡಿಸಿತು. ಮನೆಗೆ ಬರುವ ದಾರಿಯಲ್ಲಿ ಎಡಗೈ ಬೆರಳನ್ನು ಕತ್ತಿಗಿಟ್ಟು, ಹಾದುಹೋದ ಬಸ್ಸುಗಳ ಬೋರ್ಡುಗಳನ್ನೆಲ್ಲ ಓದುತ್ತ ಬಂದರು.

ಕಾಗದ ಮುಗಿಯುತ್ತ ಬಂತು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಮ್ಮ ನೆನಕೆ ಹೇಳು. ನೀನು ಹೋದ ನೀರೆಲ್ಲ ನಿನಗೆ ತಣ್ಣಗಿರಲಿ, ಕಂದ.

ನಿನ್ನ
ಅಮ್ಮ

ಮರೆಯುವ ಮುಂಚೆ: ಹೋದ ಬಂದರಿನಿಂದ ನೀನು ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿದ್ದೆ. ಲೈನು ಕೆಟ್ಟಿದೆ, ಬರೀ ಗರಗರ ಅಂತಿದೆ ಎಂದು ಕೂಗಿ ಇಟ್ಟುಬಿಟ್ಟೆಯಂತೆ. ಲೈನಿಗೆ ಏನೂ ಆಗಿರಲಿಲ್ಲ ಮಗಳೇ. ಊಟ ಆಯ್ತಾ ಎಂದು ಅಪ್ಪ ಕೇಳುತ್ತಿದ್ದರು. ಅಂದಿನಿಂದ ಮತ್ತೆ ಸ್ಲೇಟು ಹಿಡಿದಿದ್ದಾರೆ, ಗುರುವಾರ ಬಂದರೆ ನೆಗಡಿ ಎನ್ನುತ್ತಾರೆ. ನಿನ್ನ ತಪ್ಪಿಲ್ಲ, ನಿನಗೆ ಯಾರೂ ಹೇಳಿರಲಿಲ್ಲ. ನಾನು ಹೀಗೆ ಬರೆದದ್ದು ಅವರಿಗೆ ಗೊತ್ತಾಗಬಾರದು. ಮುಂದಿನ ಸಲ ಫೋನ್ ಮಾಡಿದಾಗ ನನ್ನನ್ನು ಕೇಳಬೇಡ, ಅಪ್ಪನಿಗೆ ಕೊಡು ಎನ್ನು. ಮೊದಲು ಬರೀ ಉಸಿರು ಕೇಳಿಸುತ್ತದೆ. ಇಡಬೇಡ, ಕಾದಿರು.